ಪರದೆಯ ಮೇಲಿನ ಕೊಯ್ಲು

ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನಗೆ ಬಲಗಡೆಯ ಕಿಟಕಿಯ ಸೀಟೇ ಬೇಕಿತ್ತು. ಅಲ್ಲಿ ಕೂತರೆ ಬಲಗೈ ಬಸ್ಸಿನ ತಗಡಿನ ಕಡೆಗೆ ಸೇರಿಕೊಂಡು ಪಕ್ಕದವರಿಗೆ ಕಾಣುವುದಿಲ್ಲ. ಶರ್ಟಿನ ತುಂಬುತೋಳಿನ ತುದಿಯನ್ನು ಪ್ಯಾಂಟಿನ ಜೇಬಿಗೆ ತುರುಕಿ, ಕೈ ಜೇಬಿನಲ್ಲೇ ಇದೆಯೇನೋ ಎಂಬಂತೆ ಕೂರುತ್ತಿದ್ದೆ. ಒಂದು ವರ್ಷಕ್ಕೂ ಮಿಕ್ಕಿ ಪ್ರತಿ ಗುರುವಾರ ಹೀಗೆ ಹೋಗಿ ಬಂದಿದ್ದೇನೆ. ಮೊದಮೊದಲು ಅದು ಶಿಕ್ಷೆಯಂತಿತ್ತು. ಈಗ ಗುರುವಾರ ಬಂತೆಂದರೆ, ತೋಟದಲ್ಲಿ ನಿಂತಿದ್ದರೂ ಮನಸ್ಸು ಮಾತ್ರ ಆ ಬಸ್ಸಿನ ಹಿಂದೆಯೇ ಹೋಗುತ್ತದೆ.

ನಾನು ಕಾಫಿ ತೋಟದ ರೈಟರ್. ಹೊರಗಿನವರಿಗೆ ಹೀಗೆಂದರೆ ಕಥೆ ಬರೆಯುವವನೆಂದು ತಿಳಿಯುತ್ತಾರೆ. ನಮ್ಮ ಕಡೆ ರೈಟರ್ ಎಂದರೆ ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವವನು, ಯಾರು ಯಾವ ಬ್ಲಾಕಿಗೆ ಹೋಗಬೇಕೆಂದು ಹೇಳುವವನು, ಕೊಯ್ಲಿನಲ್ಲಿ ಕೆಂಪು ಹಣ್ಣಿನ ಜೊತೆ ಹಸಿರು ಕಾಯಿ ಬಂದರೆ ಬಯ್ಯುವವನು. ಹದಿನಾಲ್ಕು ವರ್ಷ ಈ ಮೂರೂ ಕೆಲಸವನ್ನು ಚೆನ್ನಾಗಿ ಮಾಡಿದ್ದೆ. ಮೂರನೆಯದನ್ನು ಸ್ವಲ್ಪ ಹೆಚ್ಚೇ ಚೆನ್ನಾಗಿ.

ಅದು ಕಾಳುಮೆಣಸು ಕೊಯ್ಯುವ ಕಾಲ. ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರಕ್ಕೆ ಅಲ್ಯೂಮಿನಿಯಂ ಏಣಿ ಒರಗಿಸಿಟ್ಟು ಆಳುಗಳೆಲ್ಲ ಚಹಾ ಕುಡಿಯಲು ಹೋಗಿದ್ದರು. ಮರದ ಬುಡದಲ್ಲಿ ನಾನೊಬ್ಬನೇ ನಿಂತಿದ್ದೆ. ಏಣಿ ಮೆಲ್ಲಗೆ ಪಕ್ಕಕ್ಕೆ ಜಾರತೊಡಗಿತು. ಬೀಳುವುದನ್ನು ಹಿಡಿಯಲು ಯಾರೂ ಯೋಚನೆ ಮಾಡುತ್ತ ಕೂರುವುದಿಲ್ಲ. ಬಲಗೈ ಚಾಚಿ ಗಟ್ಟಿಯಾಗಿ ಹಿಡಿದೆ. ಅದರ ಮೇಲ್ತುದಿ ತೋಟದ ಮೇಲೆ ಹಾದುಹೋಗಿದ್ದ ಕರೆಂಟ್ ತಂತಿಗೆ ತಾಗಿದ್ದು ನನಗೆ ತಿಳಿಯಲೇ ಇಲ್ಲ. ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದೆ. ಕೆಲವು ದಿನ ಕೈ ಉಳಿಸಲು ನೋಡಿದರು. ಆಮೇಲೆ ಮೊಣಕೈಯಿಂದ ಒಂದು ಗೇಣು ಕೆಳಕ್ಕೆ ಬಿಟ್ಟು ಉಳಿದದ್ದನ್ನು ತೆಗೆದರು.

ವಿಚಿತ್ರವೆಂದರೆ, ತೆಗೆದ ಮೇಲೂ ಕೈ ಹೋಗಲಿಲ್ಲ. ಇಲ್ಲದ ಕೈ ಅಲ್ಲೇ ಇತ್ತು, ಮುಷ್ಟಿ ಬಿಗಿದುಕೊಂಡು. ಉಗುರು ಅಂಗೈಗೆ ನಾಟಿದ ಹಾಗೆ ಹಗಲೂ ನೋವು, ಮಲಗಿದರೂ ನೋವು. ಬಿಡಿಸೋಣವೆಂದರೆ ಬಿಡಿಸಲು ಬೆರಳಿಲ್ಲ. ಡಾಕ್ಟರು ಇದು ಹಲವರಿಗೆ ಆಗುತ್ತದೆ, ಮಿದುಳಿಗೆ ಕೈ ಹೋದದ್ದು ಇನ್ನೂ ಗೊತ್ತಾಗಿಲ್ಲ ಎಂದರು. ನನ್ನ ಹೆಂಡತಿ ಮೊದಲ ತಿಂಗಳೆಲ್ಲ ನನ್ನ ಶರ್ಟಿನ ಗುಂಡಿ ಹಾಕಿ ಕೊಡುತ್ತಿದ್ದಳು. ಒಂದು ದಿನವೂ ಬೇಸರದ ಮುಖ ಮಾಡಿದವಳಲ್ಲ. ಆದರೆ ಗುಂಡಿ ಹಾಕುವಾಗ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಅವಳು ಗುಂಡಿ ನೋಡುತ್ತಿದ್ದಳು, ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಚಿಕ್ಕಮಗಳೂರಿನಲ್ಲಿ ಕೈಕಾಲು ಕಳೆದುಕೊಂಡವರಿಗೆ ತರಬೇತಿ ಕೊಡುವ ಒಂದು ಸಣ್ಣ ಜಾಗವಿದೆಯೆಂದು ಯಾರೋ ಅವಳಿಗೆ ಹೇಳಿದ್ದರು. ಅವಳ ಒತ್ತಾಯಕ್ಕೆ ಹೋದೆ. ಹಳೆಯ ಹೆಂಚಿನ ಕಟ್ಟಡದ ಹಿಂಭಾಗದಲ್ಲಿ ಒಂದು ಕೋಣೆ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕಂಪ್ಯೂಟರ್. ನೋಡಿಕೊಳ್ಳುತ್ತಿದ್ದವರು ನಲವತ್ತರ ಆಸುಪಾಸಿನ ಒಬ್ಬ ಥೆರಪಿಸ್ಟ್. ಎಲ್ಲರೂ ಮೇಡಂ ಎನ್ನುತ್ತಿದ್ದರು. ಕರೆಂಟಿನಲ್ಲಿ ನಡೆಯುವ ಕೃತಕ ಕೈ ನನ್ನ ಹೆಸರಿಗೆ ಬರುವುದಿದೆ, ಆದರೆ ಅದು ಬರುವ ಮೊದಲು ಅದನ್ನು ನಡೆಸುವುದು ಕಲಿಯಬೇಕು ಎಂದರು.

"ಕೈ ಬರೋ ಮೊದ್ಲೇ ಕಲಿಯೋದು ಹೇಗೆ ಮೇಡಂ?" ಎಂದೆ.

"ಆಟ ಆಡಿ" ಎಂದರು.

ನನ್ನ ಮೊಂಡುಗೈಯ ಒಳಭಾಗಕ್ಕೊಂದು, ಹೊರಭಾಗಕ್ಕೊಂದು ನಾಣ್ಯದಷ್ಟು ಅಗಲದ ಬಿಲ್ಲೆ ಅಂಟಿಸಿದರು. ಬಿಲ್ಲೆಯಿಂದ ವೈರು ಕಂಪ್ಯೂಟರಿಗೆ. ಇಲ್ಲದ ಮುಷ್ಟಿಯನ್ನು ಬಿಗಿದರೆ ಒಳಗಿನ ಸ್ನಾಯು ಮಿಡಿಯುತ್ತದೆ, ಇಲ್ಲದ ಬೆರಳನ್ನು ಬಿಡಿಸಿದರೆ ಹೊರಗಿನದು. ಆ ಮಿಡಿತವನ್ನು ಬಿಲ್ಲೆ ಹಿಡಿದು ಯಂತ್ರಕ್ಕೆ ಹೇಳುತ್ತದೆ. ಮುಂದೆ ಬರುವ ಕೃತಕ ಕೈ ಮುಚ್ಚುವುದೂ ತೆರೆಯುವುದೂ ಇದರಿಂದಲೇ. ಸದ್ಯಕ್ಕೆ ಪರದೆಯ ಮೇಲೆ ಒಂದು ಕೆಂಪು ಕಾರು. ಬಿಗಿದರೆ ಎಡಕ್ಕೆ, ಬಿಡಿಸಿದರೆ ಬಲಕ್ಕೆ. ನನ್ನ ಕಾರು ಎಡಕ್ಕೆ ಹೋದದ್ದು ಎಡದಲ್ಲೇ ಚರಂಡಿಗೆ ಬೀಳುತ್ತಿತ್ತು. ಎತ್ತಿ ರಸ್ತೆಗೆ ಇಟ್ಟರೆ ಮತ್ತೆ ಚರಂಡಿ. ಮುಷ್ಟಿ ಸಡಿಲವಾದರೆ ತಾನೆ ಬಲಕ್ಕೆ ತಿರುಗುವುದು?

ನಾಲ್ಕು ಗುರುವಾರ ಹೀಗೇ ಆಯಿತು. ಮೂವತ್ತಾರು ವರ್ಷದ ಗಂಡಸು, ತೋಟದಲ್ಲಿ ಅರವತ್ತು ಆಳು ನೋಡಿಕೊಳ್ಳುವವನು, ಮಕ್ಕಳ ಆಟದ ಕಾರನ್ನು ಚರಂಡಿಗೆ ಬೀಳಿಸುತ್ತ ಕೂತಿದ್ದೇನೆ ಎನಿಸಿ ಮೈಯೆಲ್ಲ ಉರಿಯುತ್ತಿತ್ತು. ಐದನೆಯ ವಾರ ಬರುವುದಿಲ್ಲವೆಂದು ಹೇಳಿಯೇ ಬಿಡೋಣವೆಂದು ಹೋದೆ. ಆ ದಿನ ಎರಡನೆಯ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು.

ಐವತ್ತು ದಾಟಿದ ವಯಸ್ಸು, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು. ತೋಟದ ಕೆಲಸಕ್ಕೆ ಬರುವ ಹೆಂಗಸರ ಉಡುಪು. ಎಡಗೈ ಮಣಿಕಟ್ಟಿನ ಮೇಲಿನಿಂದ ಇರಲಿಲ್ಲ. ನಾನು ತೋಟದ ಅಭ್ಯಾಸದಲ್ಲಿ ಕೇಳಿದೆ: "ನಿಂದು ಯಾವ ತೋಟ?"

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀವು ರೈಟರ್ರಾ?" ಎಂದರು.

"ಹೌದು. ಹೆಂಗೆ ಗೊತ್ತಾಯ್ತು?"

"ಕೇಳಿದ ಗತ್ತಲ್ಲೇ ಗೊತ್ತಾಯ್ತು."

ಮೇಡಂ ನಕ್ಕರು. ನನಗೆ ನಾಚಿಕೆಯಾಯಿತು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರನ್ನು, ಪರಿಚಯವೇ ಇಲ್ಲದವರನ್ನು, ಶರ್ಟು ನೋಡಿ ಏಕವಚನದಲ್ಲಿ ಮಾತಾಡಿಸಿದ್ದೆ. ಆವತ್ತಿನಿಂದ ಅವರನ್ನು ಅಕ್ಕ ಎಂದು ಕರೆದೆ.

ಅಕ್ಕನ ಮನೆ ಸಂಸೆಯ ಹತ್ತಿರ. ಗಂಡ ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದಾಗ ಅಲ್ಲಿ ಕೆಲಸಕ್ಕಿದ್ದರಂತೆ. ಗಣಿ ನಿಂತ ಮೇಲೆ ಇಬ್ಬರೂ ಒಂದು ತೋಟಕ್ಕೆ ಸೇರಿದರು. ಅಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಬೆಲ್ಟಿಗೆ ಅಕ್ಕನ ಸೆರಗು ಸಿಕ್ಕಿತು. ಸೆರಗು ಎಳೆದುಕೊಳ್ಳಲು ಹೋದ ಕೈಯನ್ನು ಬೆಲ್ಟು ಎಳೆದುಕೊಂಡಿತು. ಇದನ್ನು ಅವರು ಹೇಳಿದ್ದು ಒಂದೇ ಉಸಿರಿನಲ್ಲಿ, ಬೇರೆ ಯಾರಿಗೋ ಆದದ್ದನ್ನು ಹೇಳುವ ಹಾಗೆ. ನಸುಕಿನಲ್ಲಿ ಮನೆ ಬಿಟ್ಟು, ಕಳಸದಲ್ಲಿ ಬಸ್ಸು ಬದಲಿಸಿ, ಹತ್ತೂವರೆ ಹೊತ್ತಿಗೆ ಆ ಕೋಣೆಗೆ ಬಂದು ಕೂರುತ್ತಿದ್ದರು. ನಾನು ಮುಕ್ಕಾಲು ಗಂಟೆಯ ಪ್ರಯಾಣಕ್ಕೆ ಗೊಣಗುತ್ತಿದ್ದವನು, ಆಮೇಲೆ ಗೊಣಗಲಿಲ್ಲ.

ಮೇಡಂ ಅಕ್ಕನಿಗೂ ಬಿಲ್ಲೆ ಅಂಟಿಸಿ ಕಾರು ತೋರಿಸಿದರು. ಅಕ್ಕ ಸ್ವಲ್ಪ ಹೊತ್ತು ನೋಡಿ ಹೇಳಿದರು: "ನಂಗೆ ಕಾರು ಎಂತಕ್ಕೆ ಮೇಡಮ್ಮೋರೆ? ನಾನು ಬಸ್ಸಲ್ಲಿ ಓಡಾಡೋಳು."

"ಮತ್ತೆ ಯಾವ ಆಟ ಬೇಕು ನಿಮ್ಗೆ?"

"ಹಣ್ಣು ಕುಯ್ಯದು ಇದ್ರೆ ಹಾಕಿ. ಅದಾದ್ರೆ ಕೈಗೆ ಗೊತ್ತದೆ."

ನಾನು ನಕ್ಕೆ. ಮೇಡಂ ನಗಲಿಲ್ಲ. ಕಾರಿನ ಆ ಆಟ ಬರೆದುಕೊಟ್ಟವರು ಅವರ ತಂಗಿ, ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವರು. ಮೇಡಂ ಆಗಲೇ ತಂಗಿಗೆ ಫೋನು ಮಾಡಿ ಅಕ್ಕನ ಮಾತನ್ನು ಇದ್ದ ಹಾಗೇ ಹೇಳಿದರು.

ಮೂರು ವಾರಕ್ಕೆ ಹೊಸ ಆಟ ಬಂತು. ಪರದೆಯ ಮೇಲೆ ಒಂದು ಕಾಫಿ ಗಿಡ, ಒಂದು ಬುಟ್ಟಿ, ಒಂದು ಕೈ. ಇರುವ ಕೈಯಲ್ಲಿ ಮೌಸ್ ಸರಿಸಿ ಪರದೆಯ ತೆರೆದ ಕೈಯನ್ನು ಹಣ್ಣಿನ ಹತ್ತಿರ ಒಯ್ಯಬೇಕು, ಮುಚ್ಚಿ ಕೀಳಬೇಕು, ಬುಟ್ಟಿಯ ಮೇಲೆ ಬಂದು ಮತ್ತೆ ತೆರೆಯಬೇಕು. ಅಕ್ಕ ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

"ಇದೆಂತ, ದ್ರಾಕ್ಷಿ ಗೊಂಚಲು ಜೋತು ಬಿದ್ದಂಗೆ ಮಾಡಿದಾರೆ? ಕಾಫಿ ಹಣ್ಣು ರೆಕ್ಕೆಗೆ ಅಂಟ್ಕಂಡು ಕೂತಿರ್ತದೆ, ಗಂಟುಗಂಟಿಗೆ. ಅಲ್ದಾ ರೈಟರ್ರೇ?"

ಅಲ್ಲಿ ರೆಕ್ಕೆಯೆಂದರೆ ಗಿಡದ ಅಡ್ಡಕೊಂಬೆ. ನಾನು ಹೌದೆಂದೆ. ಚಿತ್ರ ಬದಲಾಗಿ ಬಂತು. ಮುಂದಿನ ತಕರಾರು: ಎಲ್ಲವೂ ಕೆಂಪು ಹಣ್ಣೇ ಇದ್ದರೆ ಹೇಗೆ, ನಡುವೆ ಹಸಿರು ಕಾಯಿ ಇರಬೇಕು. ಅದೂ ಬಂತು. ಕೊನೆಗೆ ಅಕ್ಕ ಹೇಳಿದ್ದು: "ಕಾಯಿ ಕುಯ್ದ್ರೆ ಸುಮ್ನೆ ಇರ್ತದಲ್ಲ ಇದು. ಯಾರಾದ್ರೂ ಬಯ್ಬೇಕು. ಬಯ್ಯೋರಿಲ್ದಿದ್ರೆ ಕುಯ್ಲು ಅನ್ಸದಿಲ್ಲ."

ಹೇಳಿ ನನ್ನ ಮುಖ ನೋಡಿದರು. ಮೇಡಂ ಕೂಡ ನೋಡಿದರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಆಟಕ್ಕೆ ಸೇರಿಸಲು ರೆಕಾರ್ಡ್ ಮಾಡುತ್ತ ಮೇಡಂ ಫೋನು ಹಿಡಿದರು, ನಾನು ಗಂಟಲು ಸರಿಮಾಡಿಕೊಂಡು ತೋಟದಲ್ಲಿ ಹೇಗೆ ಬಯ್ಯುತ್ತಿದ್ದೆನೋ ಹಾಗೇ ಬಯ್ದೆ: "ಏಯ್, ಕಣ್ಣು ಕಾಣಲ್ವಾ? ಕಾಯಿ ಯಾಕೆ ಕುಯ್ದೆ?" ಕೋಣೆ ನಡುಗಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲಿನ ವಾರಗಳಲ್ಲಿ ಆ ಬೈಗುಳವನ್ನು ಅತಿ ಹೆಚ್ಚು ತಿಂದವನು ನಾನೇ. ನನ್ನ ಮುಷ್ಟಿ ಹೊತ್ತಲ್ಲದ ಹೊತ್ತಿನಲ್ಲಿ ಬಿಗಿಯುತ್ತಿತ್ತು. ಹಣ್ಣು ದಾಟಿ ಕಾಯಿಯ ಮೇಲೆ ಕೈ ಮುಚ್ಚಿಕೊಳ್ಳುತ್ತಿತ್ತು. "ಏಯ್, ಕಣ್ಣು ಕಾಣಲ್ವಾ?" ಎಂದು ನನ್ನದೇ ಗಂಟಲು ನನ್ನನ್ನು ಕೇಳುತ್ತಿತ್ತು. ಮೊದಲ ದಿನ ನಗು ಬಂತು. ಎರಡನೆಯ ವಾರ ಸಿಟ್ಟು ಬಂತು. ಮೂರನೆಯ ವಾರ ಸ್ಪೀಕರ್ ಆರಿಸಿಬಿಡಿ ಎಂದೆ.

"ಬ್ಯಾಡ, ಇರ್ಲಿ" ಎಂದರು ಅಕ್ಕ. "ನಾವು ಹದಿನೈದು ವರ್ಷ ಕೇಳಿದೀವಿ. ನೀವು ಮೂರು ವಾರ ಕೇಳಿ."

ಕೊಂಕಿನಿಂದ ಹೇಳಿದ್ದಲ್ಲ. ಆದರೂ ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮ ತೋಟದ ಒಬ್ಬೊಬ್ಬ ಹೆಂಗಸಿನ ಮುಖವೂ ನೆನಪಾಯಿತು. ಕಾಯಿ ಬಿದ್ದ ಬುಟ್ಟಿಯನ್ನು ಅವರ ಮುಂದೆಯೇ ನೆಲಕ್ಕೆ ಸುರಿದು ಆರಿಸಿ ಎಂದದ್ದು, ಅವರು ತಲೆ ತಗ್ಗಿಸಿ ಕೂತು ಆರಿಸಿದ್ದು.

ನಮ್ಮಿಬ್ಬರ ತೊಂದರೆ ತಿರುಗುಮುರುಗಾಗಿತ್ತು. ನನ್ನ ಇಲ್ಲದ ಕೈ ಬಿಗಿದು ನಿಂತಿತ್ತು, ತೆರೆಯುತ್ತಿರಲಿಲ್ಲ. ಅಕ್ಕನ ಇಲ್ಲದ ಕೈ ಐದು ಬೆರಳೂ ಅಗಲವಾಗಿ ಬಿಡಿಸಿಕೊಂಡು ನಿಂತಿತ್ತು, ಮುಚ್ಚುತ್ತಿರಲಿಲ್ಲ. ನಾನು ಹಣ್ಣು ಕಿತ್ತರೆ ಬುಟ್ಟಿಗೆ ಹಾಕಲಾರೆ. ಅವರು ಹಣ್ಣಿನ ತನಕ ಹೋದರೂ ಕೀಳಲಾರರು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಇದೇ ಮಾತು. ಅಕ್ಕ ತರುತ್ತಿದ್ದದ್ದು ಅಕ್ಕಿರೊಟ್ಟಿ, ಕಾಯಿಚಟ್ನಿ, ಕಾಲಕ್ಕೆ ಸರಿಯಾಗಿ ಎಳೆಬಿದಿರಿನ ಕಳಲೆ ಪಲ್ಯ. ಅಷ್ಟು ದೂರ ಬರುವಷ್ಟರಲ್ಲಿ ರೊಟ್ಟಿ ಆರಿ ಗಟ್ಟಿಯಾಗಿರುತ್ತಿತ್ತು, ಒಂದು ಕೈಗೆ ಹರಿಯುತ್ತಿರಲಿಲ್ಲ. ಒಂದು ತುದಿ ಅಕ್ಕ ಹಿಡಿಯುತ್ತಿದ್ದರು, ಇನ್ನೊಂದು ತುದಿ ನಾನು. ಎಡಗೈಯಲ್ಲಿ ಉಣ್ಣಲು ನನಗೆ ಇನ್ನೂ ಸಂಕೋಚವಿತ್ತು. ಅದನ್ನು ಕಂಡು ಅಕ್ಕ ಒಂದು ದಿನ, "ಉಣ್ಣಿ ಮಾರಾಯ್ರೆ, ಇಲ್ಲಿ ಯಾರೂ ಮದ್ವೆ ಊಟಕ್ಕೆ ಬಂದಿಲ್ಲ" ಎಂದರು.

ನಾವು ರೊಟ್ಟಿ ಹರಿಯುವುದನ್ನು ಮೇಡಂ ಬಾಗಿಲಲ್ಲಿ ನಿಂತು ನೋಡಿದ್ದರೆಂದು ಕಾಣುತ್ತದೆ. ಮುಂದಿನ ಗುರುವಾರ ಎರಡು ಕುರ್ಚಿಯನ್ನೂ ಒತ್ತೊತ್ತಿಗೆ ಹಾಕಿದ್ದರು. ಮುಚ್ಚುವ ಬಿಲ್ಲೆ ನನ್ನ ಕೈಗೆ, ತೆರೆಯುವ ಬಿಲ್ಲೆ ಅಕ್ಕನ ಕೈಗೆ. ಪರದೆಯ ಮೇಲೆ ಒಂದೇ ಕೈ. "ಇವತ್ತು ಇಬ್ರೂ ಸೇರಿ ಒಂದು ಬುಟ್ಟಿ ತುಂಬ್ಸಿ" ಎಂದರು.

ಸುಲಭವೆಂದುಕೊಂಡೆವು. ಅಕ್ಕ ತೆರೆಯಬೇಕು, ನಾನು ಮುಚ್ಚಬೇಕು, ಇಬ್ಬರಿಗೂ ಬರುವ ಕೆಲಸವೇ. ಆದರೆ ಅಕ್ಕ ಎಷ್ಟು ತೆರೆದರೂ ಪರದೆಯ ಕೈ ಕಿತ್ತ ಹಣ್ಣನ್ನು ಹಿಡಿದು ಮುಚ್ಚಿಯೇ ಇತ್ತು.

"ತೆರೀರಿ ಅಕ್ಕ!"

"ತೆರೀತಾನೇ ಇದೀನಿ! ನೀವು ಹಿಡ್ಕಂಡೇ ಇದೀರಲ!"

ನಿಜ. ನಾನು ಬಿಡದೆ ಅವರು ತೆರೆಯುವಂತಿರಲಿಲ್ಲ. ಅರ್ಧ ಗಂಟೆ ಹೀಗೇ ಗುದ್ದಾಡಿದೆವು. ಒಂದು ಹಣ್ಣೂ ಬುಟ್ಟಿಗೆ ಬೀಳಲಿಲ್ಲ. ನನಗೆ ಬೆವರು ಬಂದು ಬಿಲ್ಲೆ ಜಾರಿತು. ಮೇಡಂ ಬಟ್ಟೆಯಲ್ಲಿ ಒರೆಸಿ ಮತ್ತೆ ಅಂಟಿಸಿ, ಚಹಾ ಹೇಳಲು ಹೊರಗೆ ಹೋದರು. ಅಕ್ಕ ಪರದೆಯಿಂದ ಕಣ್ಣು ತೆಗೆದು ನನ್ನ ಮೊಂಡುಗೈ ನೋಡುತ್ತ ಕೇಳಿದರು:

"ಎಂತ ಹಿಡ್ಕಂಡಿದೀರಿ ಅಷ್ಟು ಗಟ್ಟಿಯಾಗಿ?"

ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ನೋವಿದೆಯೇ, ಎಷ್ಟಿದೆ, ಯಾವಾಗ ಜಾಸ್ತಿ ಎಂದೆಲ್ಲ ಕೇಳಿದ್ದರು. ನಾನೂ ಅದನ್ನು ಯೋಚಿಸಿರಲಿಲ್ಲ. ಆದರೂ ಉತ್ತರ ಬಾಯಲ್ಲೇ ಇತ್ತು.

"ಏಣಿ" ಎಂದೆ.

"ಏಣಿ ಮೇಲೆ ಯಾರಿದ್ರು?"

"ಯಾರೂ ಇರ್ಲಿಲ್ಲ. ಎಲ್ಲಾ ಚಾ ಕುಡಿಯಕ್ಕೆ ಹೋಗಿದ್ರು."

ಅಕ್ಕ ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು: "ಯಾರೂ ಇರ್ಲಿಲ್ಲ ಅಂದ್ಮೇಲೆ ಬಿಡು ಮಾರಾಯ. ಬಿದ್ರೆ ಬೀಳ್ಲಿ."

ಆಗ ನನಗೇನಾಯಿತೆಂದು ಸರಿಯಾಗಿ ಹೇಳಲು ಇವತ್ತಿಗೂ ಬರುವುದಿಲ್ಲ. ಕಣ್ಣು ಮುಚ್ಚಿದೆ. ಸಿಲ್ವರ್ ಮರ ಕಂಡಿತು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಕಂಡಿತು, ಏಣಿ ವಾಲುವುದು ಕಂಡಿತು. ವಾಲಲಿ ಎಂದು ಬಿಟ್ಟೆ. ಏಣಿ ಕಾಫಿ ಗಿಡದ ಮೇಲೆ ಬಿದ್ದು, ಒಂದೆರಡು ರೆಕ್ಕೆ ಮುರಿದು, ಸುಮ್ಮನಾಯಿತು. ಎಷ್ಟು ಹೊತ್ತಾಗಿತ್ತೋ, "ನೋಡು, ನೋಡು" ಎಂದು ಅಕ್ಕ ಭುಜ ಅಲುಗಾಡಿಸಿದರು. ಪರದೆಯ ಮೇಲಿನ ಕೈ ತೆರೆದಿತ್ತು. ಬುಟ್ಟಿಯಲ್ಲಿ ಒಂದು ಹಣ್ಣು ಬಿದ್ದಿತ್ತು. ಚಹಾದ ಲೋಟ ಹಿಡಿದು ಬಂದ ಮೇಡಂಗೆ ನಾವಿಬ್ಬರೂ ಏಕೆ ಅಳುತ್ತಿದ್ದೇವೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ನೋವು ಆವತ್ತೇ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮನೆಗೆ ಬರುವಷ್ಟರಲ್ಲಿ ಮುಷ್ಟಿ ಮತ್ತೆ ಬಿಗಿದಿತ್ತು. ಆದರೆ ಅದನ್ನು ಬಿಡಿಸಬಹುದೆಂದು ಗೊತ್ತಾಗಿತ್ತು. ದಿನಾ ಜಗಲಿಯಲ್ಲಿ ಕೂತು ಏಣಿ ಬಿಡುತ್ತಿದ್ದೆ. ಹತ್ತು ಸಲಕ್ಕೆ ಮೂರು ಸಲ ಬಿಡುತ್ತಿತ್ತು, ಆಮೇಲೆ ಐದು ಸಲ. ಅಕ್ಕ ನನ್ನನ್ನು ಮತ್ತೆ ರೈಟರ್ರೇ ಎಂದು ಕರೆಯಲಿಲ್ಲ. ಆ ದಿನ ಬಾಯಿತಪ್ಪಿ ಬಂದ ಮಾರಾಯ ಎಂಬುದೇ ಉಳಿಯಿತು.

ಅಕ್ಕನ ಬೆರಳು ಮುಚ್ಚಲು ಇನ್ನೂ ಎರಡು ತಿಂಗಳು ಹಿಡಿಯಿತು. ಹಣ್ಣು ಹಿಡಿಯಿರಿ, ಕಂಬಳಿ ಹಿಡಿಯಿರಿ, ಕತ್ತಿಯ ಹಿಡಿ ಹಿಡಿಯಿರಿ ಎಂದು ನಾನು ಹೇಳಿದ್ದು ಯಾವುದೂ ನಡೆಯಲಿಲ್ಲ. ಹಿಡಿಯಿರಿ ಎಂದ ಕೂಡಲೇ ಅವರ ಮುಖ ಬಿಳಿಚುತ್ತಿತ್ತು. ಸೆರಗು ಹಿಡಿಯಲು ಹೋಗಿ ತಾನೆ ಕೈ ಹೋದದ್ದು. ಒಂದು ದಿನ ಮಾತಿಗೆ ಮಾತು ಬಂದು ನಮ್ಮಮ್ಮ ಹಾಲು ಕರೆಯುವಾಗ ನಾನು ಪಕ್ಕದಲ್ಲಿ ಕೂತಿರುತ್ತಿದ್ದ ವಿಷಯ ಹೇಳಿದೆ. ಅಮ್ಮ ಕೆಚ್ಚಲಿಗೆ ಕೈ ಹಾಕುವ ಮೊದಲು ಹಸುವಿನ ಹೆಸರು ಹಿಡಿದು ಎರಡು ಮಾತಾಡುತ್ತಿದ್ದಳು, ಆಮೇಲೆ ಹೆಬ್ಬೆರಳಿನ ಕಡೆಯಿಂದ ಒಂದೊಂದೇ ಬೆರಳು ಮುಚ್ಚುತ್ತ ಬರುತ್ತಿದ್ದಳು ಎಂದೆ. ಅಕ್ಕ ಪರದೆಯ ಕಡೆ ತಿರುಗಿ ಕೂತರು. ಕಣ್ಣು ಮುಚ್ಚಿದರು. "ಬಾ ಕೆಂಪಿ, ನಿಲ್ಲು, ಒದೀಬ್ಯಾಡ" ಎಂದು ಬಾಯಲ್ಲೇ ಗುನುಗಿದರು. ಪರದೆಯ ಕೈ ಒಂದಿಷ್ಟು ಮುಚ್ಚಿ, ತೆರೆದು, ಮತ್ತೆ ಮುಚ್ಚಿತು. ಅವರ ಹಸು ಕೆಂಪಿಯನ್ನು ಮಾರಿ ಎಷ್ಟೋ ವರ್ಷವಾಗಿತ್ತಂತೆ. ಆ ಮಧ್ಯಾಹ್ನ ಅಕ್ಕ ನಾಲ್ಕು ಬುಟ್ಟಿ ಹಣ್ಣು ಕಿತ್ತರು. ನಾನು ಮೂರೇ ಬುಟ್ಟಿ ತುಂಬಿಸಿ ಸೋತೆ.

ಆಮೇಲಿನ ಕೆಲವು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳಲ್ಲಿ ಸೇರಿವೆ. ಬುಧವಾರ ರಾತ್ರಿಯೇ ಹೆಂಡತಿ ನನ್ನ ಬುತ್ತಿಗೆ ಬೇಕಾದದ್ದು ಹೊಂದಿಸುತ್ತಿದ್ದಳು, ಅಕ್ಕನಿಗೆಂದು ಒಂದು ಪಾಲು ಹೆಚ್ಚು. ಕೋಣೆ ಸೇರಿದ ಕೂಡಲೇ ಪಂದ್ಯ. ಸೋತವರು ಚಹಾ ಕೊಡಿಸಬೇಕು. ಚಹಾ ಕೊಡಿಸಿದ್ದು ಹೆಚ್ಚುಮಟ್ಟಿಗೆ ನಾನೇ. ಅಕ್ಕನಿಗೆ ಪರದೆಯ ಗಿಡವೂ ನಿಜವಾದ ಗಿಡವೇ. ಮೇಲಿನ ರೆಕ್ಕೆಯಿಂದ ಶುರುಮಾಡಿ ಕ್ರಮವಾಗಿ ಕೆಳಗೆ ಬರುತ್ತಿದ್ದರು. ನಾನು ಎಲ್ಲಿ ಹಣ್ಣು ಕಂಡಿತೋ ಅಲ್ಲಿಗೆ ಹಾರುತ್ತಿದ್ದೆ. "ರೈಟರ್ ಕೆಲ್ಸದೋರಿಗೆ ಹೇಳಕ್ಕೆ ಮಾತ್ರ ಬರ್ತದೆ" ಎಂದು ಮೇಡಂ ಹತ್ತಿರ ಚಾಡಿ ಹೇಳುತ್ತಿದ್ದರು.

ಕೈ ಬಂದದ್ದು ಕೊಯ್ಲಿನ ಕಾಲದಲ್ಲಿ. ಎರಡು ಉದ್ದನೆಯ ಪೆಟ್ಟಿಗೆ, ಒಳಗೆ ಮೆತ್ತೆಯ ಮೇಲೆ ಮಲಗಿಸಿದ ಕೈ. ಚರ್ಮದ ಬಣ್ಣದ ರಬ್ಬರು, ಉಗುರು, ಗೆರೆ ಎಲ್ಲ ಇತ್ತು. ಅಕ್ಕ ತಮ್ಮ ಕಪ್ಪು ಬಲಗೈಯನ್ನು ಅದರ ಪಕ್ಕದಲ್ಲಿಟ್ಟು, "ಈ ಕೈ ಯಾವ ಊರಿಂದು? ಬಿಸ್ಲೇ ಕಂಡಿಲ್ಲ" ಎಂದರು. ತೊಟ್ಟು ನೋಡಿದಾಗ ಭಾರವೆನಿಸಿತು. ಬಿಗಿದರೆ ಝೀ ಎಂದು ಸದ್ದು ಮಾಡುತ್ತ ಬೆರಳು ಮುಚ್ಚುತ್ತಿತ್ತು. ಮೇಡಂ ನೀರು ತುಂಬಿದ ಪ್ಲಾಸ್ಟಿಕ್ ಲೋಟ ಕೊಟ್ಟರು. ನಾನು ಹಿಡಿದ ರಭಸಕ್ಕೆ ಲೋಟ ಅಪ್ಪಚ್ಚಿಯಾಗಿ ನೀರೆಲ್ಲ ಮೇಡಂ ಮೈಮೇಲೆ. ಆಟದಲ್ಲಿ ಹಣ್ಣು ಅಪ್ಪಚ್ಚಿಯಾಗುತ್ತಿರಲಿಲ್ಲವಲ್ಲ, ಎಷ್ಟು ಮೆಲ್ಲಗೆ ಹಿಡಿಯಬೇಕೆಂಬ ಪಾಠ ಅಲ್ಲಿಂದ ಹೊಸದಾಗಿ ಶುರುವಾಯಿತು.

ಮುಂದಿನ ವಾರ ನಾನು ನಮ್ಮ ತೋಟದಿಂದ ಹಣ್ಣು ತುಂಬಿದ ಒಂದು ರೆಕ್ಕೆಯನ್ನು ಕತ್ತರಿಸಿ, ಗೋಣಿಚೀಲದಲ್ಲಿ ಸುತ್ತಿ ತಂದೆ. ಅದನ್ನು ಮೇಜಿನ ಅಂಚಿಗೆ ಕಟ್ಟಿ ನಿಲ್ಲಿಸಿದೆವು. ನಾನು ಹಿಡಿದ ಮೊದಲ ಹಣ್ಣು ಪಚಕ್ಕೆಂದು ಒಡೆದು ರಸ ಹಾರಿತು. ಎರಡನೆಯದೂ ಒಡೆಯಿತು. ಅಕ್ಕ ಅವಸರ ಮಾಡಲಿಲ್ಲ. ಎಡಗೈಯ ರಬ್ಬರ್ ಬೆರಳನ್ನು ಹಣ್ಣಿನ ಎರಡು ಪಕ್ಕಕ್ಕೂ ತಂದು, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಮುಚ್ಚಿ, ತೋಳು ತಿರುಗಿಸಿದರು. ತೊಟ್ಟು ರೆಕ್ಕೆಯಲ್ಲೇ ಉಳಿಯಿತು, ಹಣ್ಣು ಬಂತು. ಒಡೆದಿರಲಿಲ್ಲ. ಅದನ್ನು ನನ್ನ ಎಡ ಅಂಗೈಯ ಮೇಲೆ ಇಟ್ಟರು. ಕೆಂಪಗೆ, ನುಣ್ಣಗೆ, ಇಡಿಯಾಗಿತ್ತು. ಮೇಡಂ ತಂಗಿಯೂ ಆ ದಿನ ಬಂದಿದ್ದರು. ನಮ್ಮ ಹಿಂದೆ ನಿಂತು, "ನಾನು ಮೊದ್ಲು ಗಿಡ ಬರೆದದ್ದು ಯಾಕೆ ತಪ್ಪಾಗಿತ್ತು ಅಂತ ಈಗ ಗೊತ್ತಾಯ್ತು" ಎಂದರು.

ಕೈ ಬಂದ ಮೇಲೆ ಎಲ್ಲವೂ ಸರಿಹೋಯಿತೆಂದು ಹೇಳುವ ಹಾಗಿಲ್ಲ. ಅಕ್ಕ ಅದನ್ನು ಆರು ತಿಂಗಳು ನಿಯಮದಿಂದ ಹಾಕಿಕೊಂಡರು. ಮಳೆಗಾಲ ಬಂದು ಸಂಸೆಯಲ್ಲಿ ದಿನಗಟ್ಟಲೆ ಬಿಡದೆ ಹೊಯ್ದಾಗ ಅದರೊಳಗೆ ತೇವ ಸೇರಿತು. ರಿಪೇರಿ ಮಾಡಿಸಿದರು. ಆದರೆ ಆಮೇಲೆ ಕೆಲಸಕ್ಕೆ ಒಂದು ಸಾದಾ ಕಬ್ಬಿಣದ ಕೊಕ್ಕೆಯನ್ನೇ ಹಾಕಿಕೊಂಡು, ತೋಟದ ನರ್ಸರಿಯಲ್ಲಿ ಸಸಿ ನೋಡಿಕೊಳ್ಳುವ ಕೆಲಸ ಹಿಡಿದರು. ಝೀ ಎನ್ನುವ ಕೈ ಮದುವೆಮನೆಗೆ, ಹಬ್ಬಕ್ಕೆ, ಫೋಟೋಕ್ಕೆ. ಮೇಡಂಗೆ ಇದರಿಂದ ಬೇಸರವಾಯಿತೇನೋ. ನನಗೆ ಆಗಲಿಲ್ಲ. ಕೆಂಪಿಯನ್ನು ಕರೆದ ಆ ಬೆರಳು ಅವರಿಗೆ ಮರಳಿ ಸಿಕ್ಕಿತ್ತು, ಉಪಕರಣ ಯಾವುದಾದರೇನು. ನಾನು ನನ್ನದನ್ನು ದಿನವೂ ಹಾಕಿಕೊಳ್ಳುತ್ತೇನೆ. ಬರೆಯುವುದು ಎಡಗೈಯಲ್ಲಿ, ಹಾಜರಿ ಪುಸ್ತಕ ಜಾರದಂತೆ ಒತ್ತಿ ಹಿಡಿಯುವುದು ಅದು. ಕೊಡೆ ಹಿಡಿಯುತ್ತದೆ, ಲೋಟ ಹಿಡಿಯುತ್ತದೆ. ಶರ್ಟಿನ ಗುಂಡಿ ಮಾತ್ರ ಅದಕ್ಕೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಮೇಲಿನ ಗುಂಡಿ ಹೆಂಡತಿಯೇ ಹಾಕುತ್ತಾಳೆ. ಈಗ ಹಾಕುವಾಗ ಏನಾದರೂ ಮಾತಾಡುತ್ತಿರುತ್ತಾಳೆ.

ತೋಟಕ್ಕೆ ಮರಳಿದ ಮೊದಲ ಕೊಯ್ಲಿನಲ್ಲಿ ಒಬ್ಬಾಕೆಯ ಬುಟ್ಟಿಯಲ್ಲಿ ಕಾಯಿ ಕಂಡಿತು. ಬಾಯಿ ತೆರೆದೆ. ಕೋಣೆಯ ಸ್ಪೀಕರಿನಿಂದ ಬರುತ್ತಿದ್ದ ಆ ಗಂಟಲು ಕಿವಿಗೆ ಬಿದ್ದ ಹಾಗಾಯಿತು. ಹತ್ತಿರ ಹೋಗಿ, "ಕಾಯಿ ಬರ್ತಿದೆ ನೋಡಮ್ಮ" ಎಂದು ಮಾತ್ರ ಹೇಳಿದೆ. ಆಕೆ ಗಾಬರಿಯಿಂದ, "ಹುಷಾರಿಲ್ವಾ ರೈಟರ್ರೇ?" ಎಂದು ಕೇಳಿದಳು.

ಆ ಕೋಣೆ ಈಗಿಲ್ಲ. ತರಬೇತಿಯನ್ನು ಊರಿನಾಚೆ ಹೊಸ ಕಟ್ಟಡಕ್ಕೆ ಸಾಗಿಸಿದರು. ಅಲ್ಲಿ ದೊಡ್ಡ ಪರದೆ, ಹೊಸ ಆಟಗಳು. ನಮ್ಮ ಕಾಫಿ ಗಿಡ ಆ ಹಳೆಯ ಕಂಪ್ಯೂಟರಿನ ಜೊತೆಗೇ ಕೆಟ್ಟು ಹೋಯಿತು. ಮೇಡಂ ತಂಗಿ ಹುಡುಕಿದರಂತೆ, ಸಿಗಲಿಲ್ಲ. ಒಮ್ಮೆ ಚಿಕ್ಕಮಗಳೂರಿಗೆ ಬೇರೆ ಕೆಲಸಕ್ಕೆ ಹೋದವನು ಹಳೆಯ ಕಟ್ಟಡದ ಹಿಂದೆ ಹೋಗಿ ನೋಡಿದೆ. ಬಾಗಿಲಿಗೆ ಬೀಗ, ಕಿಟಕಿಯ ಗಾಜಿಗೆ ಧೂಳು. ಒಳಗೆ ಯಾರದೋ ಹಳೆಯ ಬೀರು, ಕಟ್ಟು ಕಟ್ಟಿದ ಕಾಗದ. ಎರಡು ಕುರ್ಚಿ ಎಲ್ಲಿದ್ದವೋ ಅಲ್ಲಿ ನೆಲ ಬರಿದಾಗಿತ್ತು. ಅಲ್ಲಿ ನಕ್ಕಷ್ಟು, ಎರಡೂ ಕೈ ಇದ್ದಾಗ ನಾನು ಎಂದಾದರೂ ನಕ್ಕಿದ್ದೆನೇ ಎಂದು ಯೋಚಿಸುತ್ತ ಸ್ವಲ್ಪ ಹೊತ್ತು ನಿಂತಿದ್ದೆ.

ಅಕ್ಕ ತಿಂಗಳಿಗೊಮ್ಮೆಯಾದರೂ ಫೋನು ಮಾಡುತ್ತಾರೆ. ಕೈಯ ವಿಷಯ ಇಬ್ಬರೂ ಎತ್ತುವುದಿಲ್ಲ, ಎತ್ತಬೇಕೆಂದು ಅನಿಸುವುದೂ ಇಲ್ಲ. ಮೊನ್ನೆ ಮಾಡಿದಾಗ ಕೇಳಿದ್ದು ಬೇಸಿಗೆಯ ಮೊದಲ ಮಳೆಯನ್ನು, ಕಾಫಿ ಗಿಡಕ್ಕೆ ಹೂ ತರಿಸುವ ಮಳೆಯನ್ನು.

"ನಿಮ್ಮಲ್ಲಿ ಹೂಮಳೆ ಆಯ್ತಾ ಮಾರಾಯ?"

"ಇಲ್ಲಕ್ಕ. ಮೋಡ ಆಗ್ತದೆ, ಹೋಗ್ತದೆ."

"ನಮ್ಮಲ್ಲಿ ನಿನ್ನೆ ಸಂಜೆ ಚೆನ್ನಾಗಿ ಬಂತು. ಇನ್ನೊಂದು ವಾರಕ್ಕೆ ಇಡೀ ಗುಡ್ಡ ಬೆಳ್ಳಗಾಗ್ತದೆ. ಹೆಂಡ್ತಿ ಕರ್ಕಂಡು ಬಾ, ಎರಡು ದಿನ ಇದ್ದು ಹೋಗು."

ಬರುತ್ತೇವೆ ಎಂದಿದ್ದೇನೆ. ಹೆಂಡತಿ ಅಕ್ಕನಿಗೆಂದು ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿ ಬಿಸಿಲಿಗಿಟ್ಟಿದ್ದಾಳೆ.